ಮೊದಲು ಸುರಂಗದ ಬಾಯಿ ನೋಡಿ

ಕೇಳುಗರೆ, ನಮಸ್ಕಾರ.

ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿ ಕಾರು ಓಡಿಸುವ ಯೋಜನೆಯ ಸುದ್ದಿ ನೀವೂ ಓದಿರುತ್ತೀರಿ. ಉದ್ದ ಸುಮಾರು 17 ಕಿಲೋಮೀಟರ್. ಅಂದಾಜು ಖರ್ಚು 17 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಅದನ್ನು ಓದಿದವರು ನನ್ನನ್ನು ಕೇಳುತ್ತಾರೆ: ಸರ್, ನಮ್ಮ ವಿಜಯಪುರದ ಗಾಂಧಿ ಚೌಕ್ ಕೆಳಗೂ ಒಂದು ಸುರಂಗ ಕೊರೆದರೆ ಗದ್ದಲ ಕಡಿಮೆ ಆಗುತ್ತೆ ಅಲ್ವಾ? ಇಷ್ಟು ವರ್ಷ ರಸ್ತೆ ಎಂಜಿನಿಯರಿಂಗ್ ಪಾಠ ಮಾಡಿದ್ದೇನೆ. ನನ್ನ ಉತ್ತರ ಒಂದೇ: ಮೊದಲು ಸುರಂಗದ ಬಾಯಿ ನೋಡಿ.

ನಾನು ಹುಡುಗನಿದ್ದಾಗ ನಮ್ಮ ಕಾಕಾ ಜಮಖಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುತ್ತಿದ್ದರು. ಹಟ ಮಾಡಿ ನಾನೂ ಹೋಗುತ್ತಿದ್ದೆ. ಡಿಸೆಂಬರ್ ಚಳಿ. ಟ್ರಾಲಿ ಮೇಲೆ ಕೌದಿ ಹೊದ್ದು ಮಲಗಿದರೆ ಕಬ್ಬಿನ ರವದಿ ಕಾಲಿಗೆ ಚುಚ್ಚುತ್ತಿತ್ತು. ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದು ಮುಗಿದರೂ ಪಾಳಿ ಕದಲುತ್ತಿರಲಿಲ್ಲ. ಒಂದು ವರ್ಷ ಕಾರ್ಖಾನೆಗೆ ಹೋಗುವ ರಸ್ತೆ ಅಗಲ ಮಾಡಿದರು. ಒಂದು ಸಾಲು ಇದ್ದದ್ದು ಎರಡು ಸಾಲಾಯಿತು. ಆವತ್ತೂ ನಮಗೆ ಬೆಳಗಾಯಿತು! ಮೇಲಾಗಿ ಗೇಟಿನ ಹತ್ತಿರ ಎರಡು ಸಾಲಿನವರ ನಡುವೆ ಜಗಳ. "ಕಾಕಾ, ಇನ್ನೂ ದೊಡ್ಡ ರಸ್ತಾ ಮಾಡಿದ್ರ?" ಅಂದೆ. ಕಾಕಾ ಹೇಳಿದರು, "ರಸ್ತಾ ಎಷ್ಟರ ಮಾಡ್ಲಿ ತಮ್ಮಾ, ತೂಕದ ಕಾಟಾ ಒಂದ ಐತಲ್ಲ."

ಸುರಂಗಕ್ಕೂ ಅದೇ ಲೆಕ್ಕ. ತಡೆಯಿಲ್ಲದ ಒಂದು ಲೇನಿನಲ್ಲಿ ಗಂಟೆಗೆ ಸುಮಾರು 2000 ಕಾರು ಹೋಗಬಹುದು. ಮೇಲೆ ಬಂದ ಕೂಡಲೇ ಸಿಗ್ನಲ್. ಅಲ್ಲಿ ಅರ್ಧ ಹೊತ್ತು ಕೆಂಪು ದೀಪವಿದ್ದರೆ ಅದರ ಅರ್ಧವೂ ದಾಟುವುದಿಲ್ಲ. ಉಳಿದವು ಸುರಂಗದೊಳಗೇ ನಿಲ್ಲಬೇಕು. ಬಾಯಿ ನೋಡಿ ಅಂತ ಅದಕ್ಕೇ ಹೇಳುವುದು.

ನಮ್ಮೂರಿಗೆ ಸುರಂಗ ಹೊಸದಲ್ಲ. ಆದಿಲ್‌ಶಾಹಿ ಕಾಲದಲ್ಲೇ ತೊರವಿಯಿಂದ ನೆಲದಡಿ ನೀರು ಊರಿಗೆ ಬರುತ್ತಿತ್ತು. ಬಂದ ನೀರು ಕೊಡದಲ್ಲಿ ಹಿಡಿಯುತ್ತಿತ್ತು. ಬಂದ ಕಾರು ಎಲ್ಲಿ ನಿಲ್ಲಬೇಕು, ಹೇಳಿ?

ಅಮೆರಿಕದ ಲಾಸ್ ವೇಗಸ್‌ನಲ್ಲಿ 2021ರಿಂದ ಕಾರಿನ ಸುರಂಗ ನಡೆಯುತ್ತಿದೆಯಲ್ಲ ಅನ್ನುತ್ತಾರೆ. ಅಲ್ಲಿ ನಿಮ್ಮ ಕಾರು ಒಳಗೆ ಬಿಡುವುದಿಲ್ಲ. ಸುರಂಗ ನಡೆಸುವ ಕಂಪನಿಯದೇ ಟೆಸ್ಲಾ ಕಾರುಗಳು ಜನರನ್ನು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಬಿಟ್ಟು ಬರುತ್ತವೆ. ಅಮೆರಿಕದ್ದೇ ಬೋಸ್ಟನ್‌ನಲ್ಲಿ ಹೆದ್ದಾರಿಯನ್ನು ನೆಲದಡಿಗೆ ಇಳಿಸುವ ಕೆಲಸ 1991ರಲ್ಲಿ ಶುರುವಾಗಿ 2007ರವರೆಗೆ ಹಿಡಿಯಿತು. ಖರ್ಚು 1400 ಕೋಟಿ ಡಾಲರ್ ದಾಟಿತು. ಹೊಗೆ ಹೊರಹಾಕುವ ಫ್ಯಾನು, ಬೆಂಕಿ ಬಿದ್ದರೆ ಓಡುವ ದಾರಿ, ಮಳೆನೀರು ಎತ್ತುವ ಪಂಪು, ಇವುಗಳ ವಿಷಯ ಹೇಳಲು ಈಗ ಸಮಯ ಉಳಿದಿಲ್ಲ.

ನಾಳೆ ಗಾಂಧಿ ಚೌಕ್‌ಗೆ ಹೋದಾಗ ಐದು ನಿಮಿಷ ನಿಲ್ಲಿ. ಒಂದೊಂದು ಕಾರಿನಲ್ಲಿ ಎಷ್ಟು ತಲೆ ಇವೆ, ಎಣಿಸಿ. ಹಿಂದೆ ಬರುವ ಸಿಟಿ ಬಸ್ಸಿನಲ್ಲಿ ಎಷ್ಟಿವೆ ಅಂತಲೂ ಎಣಿಸಿ. ಎರಡು ಮೂರು ಕಾರಿನ ಜಾಗದಲ್ಲಿ ಆ ಬಸ್ಸು ನಿಂತಿರುತ್ತದೆ.

ನಮಸ್ಕಾರ.