ಮೊದಲ ಕೇಕ್: ಓವನ್ನಿನ ಬಾಗಿಲು ಮುಚ್ಚುವ ಮುನ್ನ

[ದೃಶ್ಯ: ಮೇಜಿನ ಮೇಲೆ ಮೈದಾ, ಸಕ್ಕರೆ, ಬೆಣ್ಣೆ ಮತ್ತು ನಾಲ್ಕು ಮೊಟ್ಟೆ. ಪಕ್ಕದಲ್ಲಿ ಡಿಜಿಟಲ್ ತಕ್ಕಡಿ.]

ನಮಸ್ಕಾರ. ಒಲೆಯ ಮೇಲಿನ ಅಡುಗೆಯಲ್ಲಿ ಚೆನ್ನಾಗಿ ಕೈ ಪಳಗಿದವರು ಕೂಡ ಬೇಕಿಂಗ್ ಎಂದೊಡನೆ ಹಿಂಜರಿಯುವುದಕ್ಕೆ ನ್ಯಾಯವಾದ ಕಾರಣವೇ ಇದೆ. ಒಲೆಯ ಮೇಲೆ ಕುದಿಯುತ್ತಿರುವುದನ್ನು ನಡುನಡುವೆ ರುಚಿ ನೋಡಬಹುದು, ಉಪ್ಪು ಸಾಲದಿದ್ದರೆ ಸೇರಿಸಬಹುದು, ಗಟ್ಟಿಯಾದರೆ ನೀರು ಹಾಕಬಹುದು, ತಳ ಹಿಡಿಯುತ್ತಿದೆ ಎನಿಸಿದರೆ ಉರಿ ತಗ್ಗಿಸಬಹುದು. ಕೇಕ್ ಓವನ್ನಿನ ಒಳಗೆ ಹೋದ ಮೇಲೆ ಇಂಥ ತಿದ್ದುಪಡಿಗೆ ಅವಕಾಶವೇ ಇರುವುದಿಲ್ಲ. ಸಕ್ಕರೆ ಕಡಿಮೆಯಾಗಿದ್ದರೆ, ಬೇಕಿಂಗ್ ಪೌಡರ್ ಮರೆತುಹೋಗಿದ್ದರೆ, ಬೆಣ್ಣೆ ಸರಿಯಾಗಿ ನೊರೆಯಾಗದಿದ್ದರೆ, ಒಂದು ಗಂಟೆ ಕಾದು ಫಲಿತಾಂಶವನ್ನು ನೋಡುವುದಷ್ಟೇ ನಮಗೆ ಉಳಿಯುವ ಕೆಲಸ. ಆದ್ದರಿಂದ ಈ ವಿಡಿಯೋದ ಹೆಚ್ಚಿನ ಭಾಗವನ್ನು ಓವನ್ನಿನ ಬಾಗಿಲು ಮುಚ್ಚುವ ಮೊದಲಿನ ಅರ್ಧ ಗಂಟೆಗೇ ಮೀಸಲಿಟ್ಟಿದ್ದೇನೆ.

ಮೊದಲ ಪ್ರಯತ್ನಕ್ಕೆ ನಾನು ಆರಿಸಿಕೊಂಡಿರುವುದು ಪೌಂಡ್ ಕೇಕ್. ಕ್ರೀಮ್ ಹಚ್ಚಿದ, ಪದರ ಪದರವಾದ ಕೇಕನ್ನು ಮಾಡುವ ಆಸೆ ನಿಮಗಿರಬಹುದು; ಆದರೆ ಅಲಂಕಾರದ ಅಡಿಯಲ್ಲಿ ಕೇಕಿನ ದೋಷಗಳು ಮರೆಯಾಗುತ್ತವೆ, ಕಲಿಯುವವರಿಗೆ ಅವು ಕಣ್ಣಿಗೆ ಕಾಣಲೇಬೇಕು. ಪೌಂಡ್ ಕೇಕಿನಲ್ಲಿ ಮೈದಾ, ಸಕ್ಕರೆ, ಬೆಣ್ಣೆ, ಮೊಟ್ಟೆ ಈ ನಾಲ್ಕೂ ಸಮತೂಕ. 18ನೇ ಶತಮಾನದ ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಒಂದೊಂದನ್ನೂ ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ತೆಗೆದುಕೊಳ್ಳಲು ಹೇಳಿದ್ದರಿಂದ ಆ ಹೆಸರು ಬಂದಿದೆ. ಫ್ರೆಂಚರು ಇದೇ ಬಗೆಯ ಕೇಕನ್ನು ‘ನಾಲ್ಕು ಕಾಲುಭಾಗ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ನಮಗೆ ಅಷ್ಟು ದೊಡ್ಡದು ಬೇಡ. ಮಧ್ಯಮ ಗಾತ್ರದ ನಾಲ್ಕು ಮೊಟ್ಟೆಗಳು ಚಿಪ್ಪು ತೆಗೆದ ಮೇಲೆ ಸುಮಾರು 200 ಗ್ರಾಂ ತೂಗುತ್ತವೆ. ಆದ್ದರಿಂದ ಉಳಿದ ಮೂರೂ ತಲಾ 200 ಗ್ರಾಂ ಸಾಕು. ಇವುಗಳ ಜೊತೆಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಉಪ್ಪು, ಒಂದು ಟೀ ಚಮಚ ವೆನಿಲಾ ಎಸೆನ್ಸ್ ಇರಲಿ. ಮೊಟ್ಟೆ ತಿನ್ನದವರಿಗೆ ಒಂದು ಮಾತು: ಇದೇ ಅಳತೆಯಿಂದ ಮೊಟ್ಟೆಯನ್ನು ಕೈಬಿಟ್ಟರೆ ಕೇಕ್ ನಿಲ್ಲುವುದಿಲ್ಲ, ಏಕೆಂದರೆ ಬೆಂದಾಗ ಗಟ್ಟಿಯಾಗಿ ಕೇಕಿನ ಮೈಯನ್ನು ಹಿಡಿದಿಡುವುದರಲ್ಲಿ ಮೊಟ್ಟೆಯ ಪಾತ್ರ ದೊಡ್ಡದು. ಮೊಟ್ಟೆಯಿಲ್ಲದ ಕೇಕಿಗೆ ಅದಕ್ಕೆಂದೇ ಹೊಂದಿಸಿದ ಅಳತೆಯನ್ನು ಅನುಸರಿಸಬೇಕು.

[ದೃಶ್ಯ: ಒಂದೇ ಕಪ್ಪಿನಲ್ಲಿ ಎರಡು ಸಲ ಮೈದಾ ತುಂಬಿ ತೂಗುವುದು.]

ಓವನ್ ಬಿಟ್ಟರೆ ಬೇಕಾಗುವ ಸಲಕರಣೆಗಳು ಬಹಳವಿಲ್ಲ. ಅವುಗಳಲ್ಲಿ ಮೊದಲು ಕೊಳ್ಳಬೇಕಾದದ್ದು ಒಂದು ಗ್ರಾಮನ್ನೂ ತೋರಿಸುವ ಡಿಜಿಟಲ್ ತಕ್ಕಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಎಲೆಕ್ಟ್ರಿಕ್ ಬೀಟರ್ ಕೂಡ ಅದರ ನಂತರವೇ. ಈ ದೃಶ್ಯವನ್ನು ಗಮನಿಸಿ. 240 ಮಿಲಿಲೀಟರಿನ ಕಪ್ಪಿಗೆ ಮೈದಾವನ್ನು ಚಮಚದಿಂದ ಹಗುರವಾಗಿ ತುಂಬಿ ಮೇಲ್ಭಾಗವನ್ನು ಸಮ ಮಾಡಿದರೆ ಸುಮಾರು 120 ಗ್ರಾಂ ಬರುತ್ತದೆ. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ಆದರೂ ಆಶ್ಚರ್ಯವಿಲ್ಲ. ಒಂದೇ ಕಪ್ಪು, ಒಂದೇ ಮೈದಾ, ಆದರೂ ವ್ಯತ್ಯಾಸ ಕಾಲುಭಾಗದಷ್ಟು. ಅಷ್ಟು ಹೆಚ್ಚು ಮೈದಾ ಬಿದ್ದ ಕೇಕ್ ಒಣಗಿ ಗಟ್ಟಿಯಾಗುತ್ತದೆ, ಮತ್ತು ಮಾಡಿದವರು ತಮಗೆ ಕೈಗುಣವಿಲ್ಲವೆಂದು ವೃಥಾ ನೊಂದುಕೊಳ್ಳುತ್ತಾರೆ. ಬೇಕಿಂಗ್ ಪೌಡರ್, ಉಪ್ಪುಗಳಂಥ ಸಣ್ಣ ಪ್ರಮಾಣಗಳಿಗೆ ಮಾತ್ರ 5 ಮಿಲಿಲೀಟರಿನ ಅಳತೆಯ ಟೀ ಚಮಚವನ್ನು ಬಳಸಿ, ಚಮಚದ ಮೇಲಿನ ಗುಪ್ಪೆಯನ್ನು ಚಾಕುವಿನ ಬೆನ್ನಿನಿಂದ ಸವರಿ ತೆಗೆಯಿರಿ.

ಇನ್ನು ಓವನ್ನಿನ ವಿಷಯ. ಗುಂಡಿಯನ್ನು 170 ಡಿಗ್ರಿಗೆ ತಿರುಗಿಸಿದ ಮಾತ್ರಕ್ಕೆ ಒಳಗೆ 170 ಡಿಗ್ರಿ ಇರುತ್ತದೆ ಎಂದು ನಂಬುವಂತಿಲ್ಲ. ಮನೆಯ ಓವನ್ನುಗಳಲ್ಲಿ ಕಾಯಿಸುವ ತಂತಿ ಆಗಾಗ ಹೊತ್ತಿಕೊಂಡು ಆರುತ್ತಿರುತ್ತದೆ. ಶಾಖವೂ ಅದರಂತೆ ಏರಿಳಿಯುತ್ತದೆ, ಗುಂಡಿ ತೋರಿಸುವುದಕ್ಕೂ ಒಳಗಿರುವುದಕ್ಕೂ 10-20 ಡಿಗ್ರಿಗಳ ಅಂತರವಿರುವುದು ಸಾಮಾನ್ಯ. ಓವನ್ನಿನ ಒಳಗೇ ಇಡುವ ಸಣ್ಣ ಥರ್ಮಾಮೀಟರ್ ಒಂದಿದ್ದರೆ ನಿಮ್ಮ ಓವನ್ನಿನ ಸ್ವಭಾವ ಎರಡು ಮೂರು ದಿನಗಳಲ್ಲಿ ಗೊತ್ತಾಗುತ್ತದೆ. ಸೂಚಕ ದೀಪ ಆರಿದೊಡನೆ ಓವನ್ ಸಿದ್ಧವಾಯಿತೆಂದು ತಿಳಿಯಬೇಡಿ. ಆಗ ಕಾದಿರುವುದು ಮುಖ್ಯವಾಗಿ ಒಳಗಿನ ಗಾಳಿ, ಗೋಡೆಗಳು ಇನ್ನೂ ಕಾಯಬೇಕಾಗಿರುತ್ತದೆ, ಬಾಗಿಲು ತೆರೆದೊಡನೆ ಆ ಗಾಳಿ ಹೊರಗೆ ಹೋಗಿಬಿಡುತ್ತದೆ. 20 ನಿಮಿಷ ಪ್ರೀಹೀಟ್ ಮಾಡಿ. ಫ್ಯಾನ್ ಇರುವ ಓವನ್ನಾದರೆ ಪಾಕವಿಧಾನದಲ್ಲಿ ಹೇಳಿದ್ದಕ್ಕಿಂತ 20 ಡಿಗ್ರಿ ಕಡಿಮೆ ಇಡುವುದು ವಾಡಿಕೆ, ಏಕೆಂದರೆ ಸುತ್ತುವ ಗಾಳಿ ಶಾಖವನ್ನು ಬೇಗ ತಲುಪಿಸುತ್ತದೆ. ಕನ್ವೆಕ್ಷನ್ ಸೌಲಭ್ಯವಿಲ್ಲದ ಬರಿಯ ಮೈಕ್ರೋವೇವ್ ಈ ಕೇಕಿಗೆ ಒಗ್ಗುವುದಿಲ್ಲ. ಅದರಲ್ಲಿ ಕೇಕ್ ಬೆಂದರೂ ಕೆಂಪಾಗುವುದಿಲ್ಲ.

[ದೃಶ್ಯ: ಬೆಣ್ಣೆಯನ್ನು ಬೆರಳಿನಿಂದ ಒತ್ತಿ ನೋಡುವುದು, ನಂತರ ಸಕ್ಕರೆಯೊಂದಿಗೆ ಬೀಟ್ ಮಾಡುವುದು.]

ಈಗ ಇಡೀ ಕೆಲಸದ ತಿರುಳಿಗೆ ಬಂದಿದ್ದೇವೆ. ಇಲ್ಲಿ ಅವಸರ ಮಾಡದಿರಿ ಎಂದು ಮನವಿ ಮಾಡಿಕೊಳ್ಳುತ್ತೇನೆ. ಕೇಕ್ ಉಬ್ಬುವುದು ಬೇಕಿಂಗ್ ಪೌಡರಿನಿಂದ ಎಂದು ನಾವೆಲ್ಲರೂ ಹೇಳುತ್ತೇವೆ, ಆದರೆ ಅದು ಅರ್ಧ ಸತ್ಯ. ಬೇಕಿಂಗ್ ಪೌಡರಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಅನಿಲವು ಹೊಸ ಗುಳ್ಳೆಗಳನ್ನು ಹುಟ್ಟಿಸುವುದಕ್ಕಿಂತ ಮಿಶ್ರಣದಲ್ಲಿ ಈಗಾಗಲೇ ಸೇರಿರುವ ಗಾಳಿಯ ಪುಟ್ಟ ಗುಳ್ಳೆಗಳೊಳಗೆ ಹೊಕ್ಕು ಅವನ್ನು ಹಿಗ್ಗಿಸುತ್ತದೆ. ಆ ಗುಳ್ಳೆಗಳನ್ನು ಮೊದಲು ಸೇರಿಸಬೇಕಾದವರು ನಾವು, ಸೇರಿಸುವ ವಿಧಾನ ಬೆಣ್ಣೆ ಸಕ್ಕರೆಗಳನ್ನು ನೊರೆಯಂತೆ ಕಡೆಯುವುದು. ಸಕ್ಕರೆಯ ಹರಳುಗಳ ಚೂಪಾದ ಅಂಚುಗಳು ಬೆಣ್ಣೆಯನ್ನು ಸೀಳುತ್ತಾ ಹೋದಂತೆ ಪ್ರತಿಯೊಂದು ಸೀಳಿನಲ್ಲಿಯೂ ಸ್ವಲ್ಪ ಗಾಳಿ ಸಿಕ್ಕಿಕೊಳ್ಳುತ್ತದೆ. ಇದು ನಡೆಯಬೇಕಾದರೆ ಬೆಣ್ಣೆಯ ಹದ ಸರಿಯಿರಬೇಕು. ಫ್ರಿಜ್‌ನಿಂದ ಆಗತಾನೆ ತೆಗೆದ ಗಟ್ಟಿ ಬೆಣ್ಣೆ ಸೀಳುವುದಿಲ್ಲ. ಕರಗಿದ ಬೆಣ್ಣೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. 18ರಿಂದ 21 ಡಿಗ್ರಿಯ ಬೆಣ್ಣೆ ಯೋಗ್ಯವಾದದ್ದು. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಜಿಡ್ಡು ಹೊಳೆಯುವಷ್ಟು ಹತ್ತಬಾರದು. ಬೀಟರಿನಲ್ಲಿ ಐದು ನಿಮಿಷ, ಮರದ ಸೌಟಿನಿಂದಾದರೆ ಅದರ ಎರಡರಷ್ಟು ಸಮಯ ಕಡೆದಾಗ ಹಳದಿ ಬಣ್ಣ ತಿಳಿಯಾಗಿ ಬೆಳ್ಳಗಾಗುತ್ತಾ ಬರುತ್ತದೆ. ಬಣ್ಣದಲ್ಲಾಗುವ ಈ ಬದಲಾವಣೆಯನ್ನು ಗಡಿಯಾರಕ್ಕಿಂತ ಹೆಚ್ಚು ನಂಬಿರಿ.

ಮೊಟ್ಟೆಗಳನ್ನು ಒಂದು ಗಂಟೆ ಮೊದಲೇ ಹೊರಗಿಟ್ಟಿರಬೇಕು. ತಣ್ಣನೆಯ ಮೊಟ್ಟೆ ಬಿದ್ದೊಡನೆ ಬೆಣ್ಣೆ ಮತ್ತೆ ಗಟ್ಟಿಯಾಗಿ, ಮಿಶ್ರಣ ಒಡೆದ ಹಾಲಿನಂತೆ ಕಾಣಿಸುತ್ತದೆ. ಒಂದೊಂದೇ ಮೊಟ್ಟೆಯನ್ನು ಹಾಕಿ, ಅದು ಪೂರ್ತಿಯಾಗಿ ಬೆರೆತ ಮೇಲೆಯೇ ಇನ್ನೊಂದನ್ನು ಸೇರಿಸಿ. ಆದರೂ ಒಡೆದಂತೆ ಕಂಡರೆ ತೂಗಿಟ್ಟ ಮೈದಾದಿಂದಲೇ ಒಂದು ಚಮಚ ಹಾಕಿ ಬೆರೆಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಮೈದಾ ಸೇರಿದ ಮೇಲೆ ನಿಯಮವೇ ತಿರುಗಿಬೀಳುತ್ತದೆ. ಈವರೆಗೆ ಎಷ್ಟು ಕಡೆದರೆ ಅಷ್ಟು ಒಳ್ಳೆಯದಾಗಿತ್ತು, ಇನ್ನು ಮುಂದೆ ಎಷ್ಟು ಕಡಿಮೆ ಕಲಕಿದರೆ ಅಷ್ಟು ಒಳ್ಳೆಯದು. ಮೈದಾದಲ್ಲಿರುವ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಎರಡು ಪ್ರೋಟೀನುಗಳು ನೀರಿನಂಶದೊಂದಿಗೆ ಕೂಡಿ, ಕಲಕಿದಂತೆಲ್ಲ ಹಿಗ್ಗುವ ಗುಣವುಳ್ಳ ಗ್ಲುಟೆನ್ ಎಂಬ ಜಾಲವಾಗುತ್ತವೆ. ಬ್ರೆಡ್ಡಿಗೆ ಆ ಜಾಲ ಬೇಕೇ ಬೇಕು, ಅದಕ್ಕಾಗಿಯೇ ಅದರ ಹಿಟ್ಟನ್ನು ಹತ್ತು ಹದಿನೈದು ನಿಮಿಷ ನಾದುತ್ತಾರೆ; ಕೇಕಿನಲ್ಲಿ ಅದೇ ಜಾಲ ಬಲವಾದರೆ ತುಂಡು ಬಾಯಲ್ಲಿ ಕರಗುವ ಬದಲು ಜಗಿಯಬೇಕಾಗುತ್ತದೆ. ಬೇಕಿಂಗ್ ಪೌಡರ್ ಮತ್ತು ಉಪ್ಪು ಬೆರೆಸಿ ಜರಡಿ ಹಿಡಿದ ಮೈದಾವನ್ನು ಎರಡು ಮೂರು ಕಂತುಗಳಲ್ಲಿ ಹಾಕಿ, ಸ್ಪಾಟುಲಾದಿಂದ ತಳದಿಂದ ಮೇಲಕ್ಕೆ ಮಗುಚುತ್ತಾ ಬೆರೆಸಿ, ಒಣ ಹಿಟ್ಟು ಕಣ್ಣಿಗೆ ಕಾಣದಾದ ಕ್ಷಣವೇ ನಿಲ್ಲಿಸಿ.

ಬೇಕಿಂಗ್ ಸೋಡಾ ಮತ್ತು ಬೇಕಿಂಗ್ ಪೌಡರನ್ನು ಒಂದರ ಬದಲು ಇನ್ನೊಂದೆಂದು ಬಳಸುವ ತಪ್ಪು ಬಹಳ ಸಾಮಾನ್ಯವಾದದ್ದು. ಸೋಡಾ ಎಂದರೆ ಸೋಡಿಯಂ ಬೈಕಾರ್ಬನೇಟ್. ಮೊಸರು, ನಿಂಬೆರಸದಂಥ ಹುಳಿ ಪದಾರ್ಥ ಜೊತೆಗಿದ್ದರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ, ಇಲ್ಲವಾದರೆ ಬಾಯಲ್ಲಿ ಸೋಪಿನ ರುಚಿ ಉಳಿಯುತ್ತದೆ. ಪೌಡರಿನಲ್ಲಿ ಸೋಡಾದ ಜೊತೆಗೆ ಪುಡಿರೂಪದ ಆಮ್ಲವನ್ನೂ, ತೇವ ತಾಗದಂತೆ ಸ್ವಲ್ಪ ಪಿಷ್ಟವನ್ನೂ ಸೇರಿಸಿರುತ್ತಾರೆ. ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ ಆಲ್‌ಫ್ರೆಡ್ ಬರ್ಡ್ ಎಂಬ ಇಂಗ್ಲೆಂಡಿನ ರಸಾಯನಜ್ಞ 1843ರಲ್ಲಿ ಇಂಥ ಪುಡಿಯನ್ನು ತಯಾರಿಸಿದ. ಡಬ್ಬಿ ಹಳೆಯದಾಗಿದ್ದರೆ ಅರ್ಧ ಚಮಚ ಪುಡಿಗೆ ಬಿಸಿನೀರು ಹಾಕಿ ನೋಡಿ. ಜೋರಾಗಿ ನೊರೆಯೇಳದಿದ್ದರೆ ಅದನ್ನು ಕೇಕಿಗೆ ಬಳಸಬೇಡಿ.

ಸಕ್ಕರೆಯನ್ನು ಅರ್ಧಕ್ಕೆ ಇಳಿಸಬಹುದೇ ಎಂಬ ಪ್ರಶ್ನೆ ನಿಮ್ಮಲ್ಲಿ ಎದ್ದಿರಬಹುದು, ಅದರ ಹಿಂದಿನ ಕಾಳಜಿಯೂ ಸರಿಯಾದದ್ದೇ. ಆದರೆ ಈಗ ನೋಡಿದಂತೆ ಬೆಣ್ಣೆಗೆ ಗಾಳಿ ತುಂಬುವುದು ಸಕ್ಕರೆ. ನೀರಿನಂಶವನ್ನು ಹಿಡಿದಿಟ್ಟು ಕೇಕನ್ನು ಒಣಗದಂತೆ ಕಾಯುವುದೂ ಅದೇ. ಮೊಟ್ಟೆ ಮತ್ತು ಪಿಷ್ಟ ಬೇಗನೆ ಗಟ್ಟಿಯಾಗದಂತೆ ತಡೆದು ಉಬ್ಬಲು ಸಮಯ ಕೊಡುವುದೂ ಅದೇ. ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಿದರೆ ಕೇಕ್ ತಡೆದುಕೊಳ್ಳುತ್ತದೆ. ಅರ್ಧಕ್ಕೆ ಇಳಿಸುವುದಾದರೆ ಬೇರೆ ಪಾಕವಿಧಾನವನ್ನೇ ಹುಡುಕುವುದು ಒಳ್ಳೆಯದು, ಅಥವಾ ಇದನ್ನೇ ಮಾಡಿ ತೆಳ್ಳಗೆ ಕತ್ತರಿಸಿ ತಿನ್ನಬಹುದು.

[ದೃಶ್ಯ: ಬಟರ್ ಪೇಪರ್ ಹಾಸಿದ ಟಿನ್ನಿಗೆ ಮಿಶ್ರಣ ಸುರಿಯುವುದು.]

ಸುಮಾರು 23 ಸೆಂಟಿಮೀಟರ್ ಉದ್ದ, 13 ಸೆಂಟಿಮೀಟರ್ ಅಗಲದ ಟಿನ್ ಇದಕ್ಕೆ ಹೊಂದುತ್ತದೆ. ಟಿನ್ನಿನ ಅಳತೆಯನ್ನು ಹಗುರವಾಗಿ ಎಣಿಸಬಾರದೆಂಬುದನ್ನು ನಾನು ಕಷ್ಟಪಟ್ಟು ಕಲಿತೆ. 20 ಸೆಂಟಿಮೀಟರಿನ ದುಂಡು ಟಿನ್ ಸಿಗಲಿಲ್ಲವೆಂದು ಒಮ್ಮೆ 23 ಸೆಂಟಿಮೀಟರಿನದನ್ನು ಬಳಸಿದ್ದೆ. ಮೂರೇ ಸೆಂಟಿಮೀಟರ್ ಎಂದುಕೊಂಡಿದ್ದೆ, ಆದರೆ ಲೆಕ್ಕ ಹಾಕಿದರೆ ಟಿನ್ನಿನ ತಳ 314ರಿಂದ 415 ಚದರ ಸೆಂಟಿಮೀಟರಿಗೆ ಏರುತ್ತದೆ. ಮಿಶ್ರಣ ತೆಳುವಾಗಿ ಹರಡಿಕೊಂಡಿತು, ಪುಸ್ತಕದಲ್ಲಿದ್ದ ಸಮಯ ಮುಗಿಯುವ ಹೊತ್ತಿಗೆ ಕೇಕ್ ರಸ್ಕಿನಂತೆ ಒಣಗಿತ್ತು.

ಮಿಶ್ರಣವನ್ನು ತಡಮಾಡದೆ ಓವನ್ನಿನ ಮಧ್ಯದ ಅಂತಸ್ತಿನಲ್ಲಿಡಿ. ಶಾಖ 170 ಡಿಗ್ರಿ, ಸಮಯ 50ರಿಂದ 60 ನಿಮಿಷ. ಒಳಗೆ ಬೆಣ್ಣೆ ಕರಗುತ್ತದೆ, ನೀರಿನಂಶ ಹಬೆಯಾಗುತ್ತದೆ, ಗುಳ್ಳೆಗಳು ಹಿಗ್ಗುತ್ತವೆ. ಶಾಖ ಇನ್ನಷ್ಟು ಏರಿದಾಗ ಮೊಟ್ಟೆಯ ಪ್ರೋಟೀನು ಹೆಪ್ಪುಗಟ್ಟಿ, ಪಿಷ್ಟ ನೀರು ಹೀರಿ ಉಬ್ಬಿ, ಹಿಗ್ಗಿದ ಗುಳ್ಳೆಗಳ ಗೋಡೆಗಳು ಸ್ಥಿರವಾಗುತ್ತವೆ. ಗೋಡೆಗಳು ಸ್ಥಿರವಾಗುವ ಮುನ್ನ ಬಾಗಿಲು ತೆರೆದರೆ ನಡುಭಾಗ ಕುಸಿಯುತ್ತದೆ. ಆದ್ದರಿಂದ ಮೊದಲ 40 ನಿಮಿಷ ಗಾಜಿನ ಮೂಲಕವಷ್ಟೇ ನೋಡಿ. ಕೊನೆಯ ಹಂತದಲ್ಲಿ ಮೇಲ್ಪದರ ಒಣಗಿ ಸುಮಾರು 140 ಡಿಗ್ರಿ ದಾಟಿದಾಗ ಪ್ರೋಟೀನು ಮತ್ತು ಸಕ್ಕರೆಗಳ ನಡುವಿನ ರಾಸಾಯನಿಕ ಕ್ರಿಯೆ ವೇಗ ಪಡೆದು, ಹೊಂಬಣ್ಣವೂ ಮನೆತುಂಬ ಹರಡುವ ಪರಿಮಳವೂ ಹುಟ್ಟುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮೇಯಾರ್ ಅವರ ಹೆಸರೇ ಆ ಕ್ರಿಯೆಗೆ ನಿಂತಿದೆ. ಮೇಲ್ಭಾಗ ಉದ್ದಕ್ಕೂ ಸೀಳಿದರೆ ಗಾಬರಿಯಾಗಬೇಡಿ. ಮೇಲ್ಪದರ ಗಟ್ಟಿಯಾದ ಮೇಲೂ ಒಳಗಿನ ಮಿಶ್ರಣ ಏರುತ್ತಿರುವುದರಿಂದ ಈ ಆಕಾರದ ಕೇಕಿನಲ್ಲಿ ಅದು ಸಹಜ.

ತೆಳುವಾದ ಮರದ ಕಡ್ಡಿಯನ್ನು ನಡುಭಾಗಕ್ಕೆ ಚುಚ್ಚಿ ತೆಗೆದಾಗ ಹಸಿ ಮಿಶ್ರಣ ಅಂಟದೆ ಒಂದೆರಡು ಒಣ ಕಣಗಳಷ್ಟೇ ಬಂದರೆ ಕೇಕ್ ಬೆಂದಿದೆ. ಹತ್ತು ನಿಮಿಷ ಟಿನ್ನಿನಲ್ಲಿಯೇ ಬಿಡಿ, ಏಕೆಂದರೆ ಬಿಸಿ ಕೇಕ್ ತನ್ನ ಭಾರವನ್ನು ತಾನೇ ಹೊರಲಾರದಷ್ಟು ಮೃದುವಾಗಿರುತ್ತದೆ. ನಂತರ ಗಾಳಿಯಾಡುವ ತಂತಿಯ ಜಾಲರಿಯ ಮೇಲೆ ಪೂರ್ತಿ ಆರಿಸಿ, ಆಮೇಲೆ ಕತ್ತರಿಸಿ. ಪಾತ್ರೆಗೆ ಅಂಟಿದ ಹಸಿ ಮಿಶ್ರಣವನ್ನು ಮಕ್ಕಳಿಗೆ ನೆಕ್ಕಲು ಕೊಡಬೇಡಿ. ಹಸಿ ಮೊಟ್ಟೆಯಷ್ಟೇ ಅಲ್ಲ, ಹಸಿ ಮೈದಾದಲ್ಲಿಯೂ ರೋಗಾಣುಗಳು ಇರುವ ಸಾಧ್ಯತೆ ಇದೆ.

[ದೃಶ್ಯ: ಕತ್ತರಿಸಿದ ಕೇಕಿನ ಒಳಭಾಗ ಹತ್ತಿರದಿಂದ, ಪಕ್ಕದಲ್ಲಿ ತೆರೆದ ನೋಟ್‌ಬುಕ್.]

ತಿನ್ನುವ ಮೊದಲು ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿ. ರಂಧ್ರಗಳು ಸಣ್ಣದಾಗಿ ಒಂದೇ ಸಮನಾಗಿದ್ದರೆ ಬೆಣ್ಣೆ ಚೆನ್ನಾಗಿ ನೊರೆಯಾಗಿದೆ. ಉದ್ದನೆಯ ಸುರಂಗಗಳು ಕಂಡರೆ ಮೈದಾ ಹಾಕಿದ ಮೇಲೆ ಹೆಚ್ಚು ಕಲಕಿದ್ದೀರಿ. ತಳದಲ್ಲಿ ಒದ್ದೆಯಾದ, ಒತ್ತಾದ ಪಟ್ಟಿಯಿದ್ದರೆ ಮಿಶ್ರಣ ಒಡೆದಿತ್ತು ಅಥವಾ ಕೇಕ್ ಇನ್ನೂ ಸ್ವಲ್ಪ ಬೇಯಬೇಕಿತ್ತು. ನೋಡಿದ್ದನ್ನು ಬರೆದಿಡಿ, ದಿನಾಂಕ, ತೂಕ, ಥರ್ಮಾಮೀಟರ್ ತೋರಿಸಿದ ಶಾಖ, ತೆಗೆದುಕೊಂಡ ನಿಮಿಷಗಳು ಅದರ ಪಕ್ಕದಲ್ಲಿರಲಿ. ಮುಂದಿನ ವಾರ ಇದೇ ಕೇಕನ್ನು ಇದೇ ಟಿನ್ನಿನಲ್ಲಿ ಮತ್ತೆ ಮಾಡಿ, ಒಂದೇ ಒಂದು ಸಂಗತಿಯನ್ನು ಬದಲಿಸಿ: ಬೆಣ್ಣೆಯನ್ನು ಇನ್ನೆರಡು ನಿಮಿಷ ಹೆಚ್ಚು ಕಡೆಯುವುದೋ, ಶಾಖವನ್ನು 10 ಡಿಗ್ರಿ ತಗ್ಗಿಸುವುದೋ, ಯಾವುದಾದರೂ ಒಂದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೂರನೆಯ ಸಲದ ಕೇಕ್ ನಿಮಗೆ ಮೆಚ್ಚುಗೆಯಾದರೆ, ಸಕ್ಕರೆಗೆ ಒಂದು ನಿಂಬೆಯ ಸಿಪ್ಪೆಯ ತುರಿಯನ್ನು ಬೆರಳಿನಿಂದ ಉಜ್ಜಿ ಬೆರೆಸಿ, ಬೆಣ್ಣೆಯನ್ನು ಹೊರಗೆ ತೆಗೆದಿಡಿ.