ಜಾಗ ನಿಮ್ದೇ, ಆದ್ರೆ ಕೈ ಎತ್ತೋದು ಎಲ್ಲಿವರೆಗೆ?

ನಮಸ್ಕಾರ ಕೇಳುಗರೇ. ಮನೆ ನಂದು, ಪತ್ರ ನನ್ನ ಹೆಸರಲ್ಲಿದೆ, ಹಾಗಿದ್ಮೇಲೆ ಒಳಗಿರೋರನ್ನ ಕುತ್ತಿಗೆ ಹಿಡಿದು ಆಚೆ ದಬ್ಬೋಕೆ ಹಕ್ಕಿಲ್ವಾ ಅಂತ ತುಂಬ ಜನ ಕೇಳ್ತಾರೆ. ಬಲ ಬಳಸೋ ಹಕ್ಕು ಇದೆ, ಆದ್ರೆ ಯಾರನ್ನ ದಬ್ತಿದೀರಿ ಅನ್ನೋದನ್ನ ಮೊದ್ಲು ನೋಡ್ಬೇಕು.

ಕರೆದಾಗ ಬಂದು ಈಗ ಹೋಗಲ್ಲ ಅಂತ ಕೂತೋರಿದ್ರೆ, ಇಂಗ್ಲೆಂಡಿನ ಹಳೇ ಕಾಮನ್ ಲಾ, ಅಂದ್ರೆ ಕೋರ್ಟ್ ತೀರ್ಪುಗಳಿಂದಲೇ ಬೆಳೆದು ಬಂದ ಕಾನೂನಿನ ಪ್ರಕಾರ ಮೊದ್ಲು ಬಾಯಲ್ಲಿ ಹೇಳ್ಬೇಕು, ಎದ್ದು ಹೋಗೋಕೆ ಟೈಮ್ ಕೊಡ್ಬೇಕು, ಆಮೇಲೂ ಕದಲ್ಲಿಲ್ಲ ಅಂದ್ರೆ ಆಚೆ ಕಳ್ಸೋಕೆ ಎಷ್ಟು ಬೇಕೋ ಅಷ್ಟೇ ಬಲ. ತೋಳು ಹಿಡಿದು ಬಾಗಿಲ ತನಕ ನಡೆಸಬಹುದು, ಆಚೆ ಹೋದ್ಮೇಲೂ ಹೊಡೆದ್ರೆ ಅದು ಹಲ್ಲೆ, ಕೇಸ್ ಬೀಳೋದು ಮಾಲೀಕರ ಮೇಲೇ. ಬಾಗಿಲು ಮುರ್ಕೊಂಡು ನುಗ್ಗಿದೋನಿಗೆ ಮೊದ್ಲು ಹೋಗು ಅನ್ನೋ ಕಟ್ಟುಪಾಡಿಲ್ಲ, ಆದ್ರೆ ಎಷ್ಟು ಬಲ ಅನ್ನೋ ಅಳತೆ ಅಲ್ಲೂ ಇದೆ.

ಅಮೆರಿಕದ ಅಯೋವಾದಲ್ಲಿ ಯಾರೂ ವಾಸ ಇಲ್ಲದ ತೋಟದ ಮನೆಗೆ ಪದೇ ಪದೇ ಕಳ್ಳರು ಬರ್ತಾರೆ ಅಂತ ಮಾಲೀಕರು ರೂಮಿನ ಬಾಗಿಲಿಗೆ ಬಂದೂಕು ಕಟ್ಟಿಟ್ರು, ತೆಗೆದ ತಕ್ಷಣ ಗುಂಡು ಹಾರೋ ಹಾಗೆ. 1967ರಲ್ಲಿ ಹಳೇ ಬಾಟ್ಲಿ ಜಾಡಿ ಹುಡುಕಿ ಒಳಹೊಕ್ಕವನ ಕಾಲಿಗೆ ಗುಂಡು ಬಿತ್ತು. ಅವನು ಮಾಡಿದ್ದು ತಪ್ಪೇ, ಆದ್ರೂ ಅವನಿಗೆ 30,000 ಡಾಲರ್ ಕೊಡ್ಬೇಕು ಅನ್ನೋ ತೀರ್ಪನ್ನ 1971ರಲ್ಲಿ ಅಯೋವಾ ರಾಜ್ಯದ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ನನಗಂತೂ ಇದು ಸರಿ ಅನ್ಸತ್ತೆ, ಬರಿ ಸಾಮಾನು ಕಾಪಾಡೋಕೆ ಪ್ರಾಣ ತೆಗೆಯೋ ಬಲೆ ಒಡ್ಡೋಕಾಗಲ್ಲ.

ಇನ್ನು ಬಾಡಿಗೆದಾರರ ವಿಷಯ, ದಯವಿಟ್ಟು ಇದನ್ನ ಗಮನ ಇಟ್ಟು ಕೇಳಿ. ಅಗ್ರಿಮೆಂಟ್ ಮುಗಿದಿದ್ರೂ, ಬಾಡಿಗೆ ಬಾಕಿ ಇದ್ರೂ ಅವರು ಅತಿಕ್ರಮಣಕಾರರ ಥರ ಅಲ್ಲ. ಬೀಗ ಬದಲಾಯ್ಸೋದು, ಕರೆಂಟು ನೀರು ನಿಲ್ಸೋದು, ಸಾಮಾನು ಬೀದಿಗೆಸೆಯೋದು, ನಾಲ್ಕು ಜನ ದಾಂಡಿಗರನ್ನ ಕಳ್ಸೋದು ಇವೆಲ್ಲ ಮಾಡೋ ಹಾಗಿಲ್ಲ. ಇಂಗ್ಲೆಂಡಲ್ಲಿ 1977ರ ಕಾಯ್ದೆ ಪ್ರಕಾರ ಹೀಗೆ ಎಬ್ಬಿಸೋದು ಅಪರಾಧ. ಭಾರತದಲ್ಲಿ 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟ್ 6ನೇ ಸೆಕ್ಷನ್ ಇದೆ, ಕಾನೂನಿನ ದಾರಿ ಬಿಟ್ಟು ಎಬ್ಬಿಸಿದ್ರೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೀಬಹುದು, ಮಾಲೀಕತ್ವ ಯಾರದು ಅಂತ ಆ ದಾವೇಲಿ ನೋಡಲ್ಲ. ಮಾಲೀಕರ ಕಷ್ಟಾನೂ ಸಣ್ಣದಲ್ಲ, ಕೇಸು ವರ್ಷಗಟ್ಟಲೆ ಎಳೆಯತ್ತೆ, ಅದಕ್ಕೇ ನೋಟಿಸು ತಡ ಮಾಡದೆ ಕೊಡಿ, ಕಾಗದ ಪತ್ರ ಸರಿಯಾಗಿಟ್ಕೊಳ್ಳಿ. ಡಿಕ್ರಿ, ಅಂದ್ರೆ ಖಾಲಿ ಮಾಡಿ ಅನ್ನೋ ಕೋರ್ಟಿನ ತೀರ್ಪು, ಬಂದ್ಮೇಲೂ ಬಾಡಿಗೆದಾರರು ಖಾಲಿ ಮಾಡ್ಲಿಲ್ಲ ಅಂದ್ರೆ ಬಾಗಿಲಿಗೆ ಹೋಗ್ಬೇಕಾದೋರು ಕೋರ್ಟಿನ ಅಮೀನರು, ನೀವಲ್ಲ.