ಫೋನಿನ ಕಣ್ಣು ಯಾರದು?

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿಗೆ ನಿಜಕ್ಕೂ ಕಣ್ಣಿನ ಡಾಕ್ಟರೊಬ್ಬರು ಮಾತಾಡಬೇಕಿತ್ತು. ಅವರಿಗೆ ಬರಲಾಗಲಿಲ್ಲ. ನಿನ್ನೆ ಸಂಜೆ ಆಕಾಶವಾಣಿಯಿಂದ ಫೋನ್ ಬಂತು. "ನೀವು ಕ್ಯಾಮೆರಾ ರಿಪೇರಿ ಮಾಡೋರು, ಅದೂ ಒಂಥರಾ ಕಣ್ಣೇ ಅಲ್ವಾ, ಹತ್ತು ನಿಮಿಷ ಮಾತಾಡಿ ಸಾರ್" ಅಂದರು. ಹೂಂ ಅಂದುಬಿಟ್ಟೆ. ರಾತ್ರಿ ಕೂತು ಬರೆದದ್ದನ್ನು ಓದುತ್ತಿದ್ದೇನೆ, ಹೆಚ್ಚುಕಮ್ಮಿ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ವಾರದ ಒಂದು ಮಾತು. ಕಾಲೇಜಿನ ಇಬ್ಬರು ಹುಡುಗರು ಅಂಗಡಿಗೆ ಬಂದರು. ಒಬ್ಬನ ಕೈಯಲ್ಲಿ ಒನ್‌ಪ್ಲಸ್ ನಾರ್ಡ್ 2, ಇನ್ನೊಬ್ಬನದು ರಿಯಲ್‌ಮಿ 9 ಪ್ರೊ ಪ್ಲಸ್. ಬೈಕಿನಲ್ಲಿ ಹೋಗುವಾಗ ಬೀಳಿಸಿಕೊಂಡಿದ್ದರು, ಎರಡರದ್ದೂ ಗಾಜು ಹೋಗಿತ್ತು. ನಾನು ಬಿಚ್ಚುವಷ್ಟರಲ್ಲಿ ಬೆಂಚಿನ ಮೇಲೆ ಜಗಳ ಶುರು. ನನ್ನ ಕ್ಯಾಮೆರಾ ಮುಂದೆ ನಿಂದು ಏನೂ ಅಲ್ಲ ಕಣೋ, ಹೋಗೋ ನಿಂದೊಂದು ಕ್ಯಾಮೆರಾನಾ, ಹೀಗೆ. ಸ್ವಲ್ಪ ಹೊತ್ತು ಕೇಳಿದೆ. ಆಮೇಲೆ ಹೇಳಿದೆ, ತಮ್ಮಾ, ಎರಡರ ಮುಖ್ಯ ಕ್ಯಾಮೆರಾದಲ್ಲೂ ಒಂದೇ ಸೆನ್ಸರ್ ಇರೋದು. ಸೋನಿ ಕಂಪನಿಯದು, ಐಎಂಎಕ್ಸ್ 766 ಅಂತ. ಇಬ್ಬರೂ ನನ್ನ ಮುಖ ನೋಡಿದರು. "ಹಾಗಾದ್ರೆ ನಾವು ಇಷ್ಟು ದಿನ ಕಿತ್ತಾಡಿದ್ದು ಯಾಕೆ ಅಂಕಲ್?" ಅಂದ ಒಬ್ಬ.

ಇವತ್ತು ನಾನು ಹೇಳಬೇಕಿರುವುದು ಇದೊಂದೇ. ಫೋನಿಗೆ ಹೆಸರಿಡುವವರು ಬೇರೆ, ಅದಕ್ಕೆ ಕಣ್ಣು ಮಾಡುವವರು ಬೇರೆ. ಹಿಂಬದಿಯ ಹೆಸರು ನೋಡಿ ದುಡ್ಡು ಕೊಡಬೇಡಿ, ಕಣ್ಣು ಯಾರದು ಅಂತ ಕೇಳಿ.

ಸೆನ್ಸರ್ ಅಂದರೇನು? ಅಳಗುಳಿಮಣೆ ನೆನಪಿದೆಯಲ್ವಾ, ಚೆನ್ನೆಮಣೆ ಅಂತಲೂ ಅಂತೀರಿ. ಹದಿನಾಲ್ಕು ಗುಳಿ, ಗುಳಿಗಿಷ್ಟು ಹುಣಸೆಬೀಜ. ಆ ಮಣೆಯನ್ನು ಕಿರುಬೆರಳಿನ ಉಗುರಿನಷ್ಟು ಮಾಡಿ, ಅದರಲ್ಲಿ ಐದು ಕೋಟಿ ಗುಳಿ ತೋಡಿದ್ದಾರೆ ಅಂದುಕೊಳ್ಳಿ. 50 ಮೆಗಾಪಿಕ್ಸೆಲ್ ಅಂದರೆ ಅಷ್ಟೇ, ಐದು ಕೋಟಿ ಗುಳಿ. ಬೆಳಕು ಬಿದ್ದ ಕಡೆ ಗುಳಿಯಲ್ಲಿ ಬೀಜ ತುಂಬುತ್ತದೆ. ಬೀಜ ಅಂದರೆ ಎಲೆಕ್ಟ್ರಾನು. ಜಾಸ್ತಿ ಬೆಳಕು ಜಾಸ್ತಿ ಬೀಜ, ಕತ್ತಲಿದ್ದಲ್ಲಿ ಖಾಲಿ. ಯಾವ ಗುಳಿಯಲ್ಲಿ ಎಷ್ಟು ಅಂತ ಎಣಿಸಿ ಬರೆದುಕೊಂಡರೆ ಫೋಟೋ ಆಯಿತು. ಮೊದಮೊದಲಿನ ಸೆನ್ಸರಿಗೆ ಸಿಸಿಡಿ ಅಂತ ಹೆಸರು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬ ಇಬ್ಬರು ಯೋಚಿಸಿದ್ದು, 2009ರಲ್ಲಿ ನೊಬೆಲ್ ಬಂತು. ಅದರಲ್ಲಿ ಬೀಜಗಳನ್ನು ಗುಳಿಯಿಂದ ಪಕ್ಕದ ಗುಳಿಗೆ, ಅಲ್ಲಿಂದ ಅದರ ಪಕ್ಕದ ಗುಳಿಗೆ ಸಾಗಿಸುತ್ತಾ ಮಣೆಯ ಕೊನೆಗೆ ತಂದು ಎಣಿಸುತ್ತಾರೆ. ನಮ್ಮಜ್ಜಿ ಆಡುತ್ತಿದ್ದದ್ದೂ ಹೆಚ್ಚುಕಮ್ಮಿ ಇದೇ.

ಈಗ ನನಗೆ ಇಷ್ಟವಾದ ಕಥೆ. ನೀವು ರೇಡಿಯೋ ಕೇಳುತ್ತಿದ್ದೀರಲ್ಲ, ಹಾಗಾಗಿ ಇದು ನಿಮ್ಮದೇ ಕಥೆ. ಜಪಾನಿನಲ್ಲಿ ಕಜುವೊ ಇವಾಮಾ ಅಂತ ಒಬ್ಬರಿದ್ದರು. ಓದಿದ್ದು ಭೂಮಿಯ ವಿಜ್ಞಾನ, ಮೊದಲು ಕೆಲಸ ಮಾಡಿದ್ದು ಭೂಕಂಪದ ಅಧ್ಯಯನ ಮಾಡುವ ಸಂಸ್ಥೆಯಲ್ಲಿ. ಯುದ್ಧ ಮುಗಿದ ಮೇಲೆ 1946ರಲ್ಲಿ ಟೋಕಿಯೋದ ಒಂದು ಪುಟ್ಟ ಕಂಪನಿಗೆ ಸೇರಿದರು. ಆ ಕಂಪನಿಯೇ ಮುಂದೆ ಸೋನಿ ಆಯಿತು. 1954ರಲ್ಲಿ ಟ್ರಾನ್ಸಿಸ್ಟರ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗ ಮಾಡುವುದು ಹೇಗೆ ಅಂತ ಕಲಿಯಲು ಅಮೆರಿಕಕ್ಕೆ ಹೋದರು. ಹಗಲೆಲ್ಲ ಅಲ್ಲಿನ ಕಾರ್ಖಾನೆ ಸುತ್ತೋದು, ಯಂತ್ರ ನೋಡೋದು, ರಾತ್ರಿ ಹೋಟೆಲಿಗೆ ಬಂದು ನೆನಪಿದ್ದಷ್ಟನ್ನೂ ಚಿತ್ರ ಬರೆದು ಊರಿಗೆ ಕಾಗದ ಹಾಕೋದು. ಆ ಕಾಗದ ನೋಡಿಕೊಂಡೇ ಟೋಕಿಯೋದಲ್ಲಿದ್ದವರು ಟ್ರಾನ್ಸಿಸ್ಟರ್ ಮಾಡಿದರು, 1955ರಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಮಾರುಕಟ್ಟೆಗೆ ಬಂತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವ ನಮ್ಮಂಥವರಿಗೆ ಇಂಥ ನೆನಪಿನ ಶಕ್ತಿ ಎಲ್ಲಿಂದ ಬರಬೇಕು!

ಇದೇ ಇವಾಮಾ ಎಪ್ಪತ್ತರ ದಶಕದಲ್ಲಿ ಸೋನಿಯ ಸಂಶೋಧನಾ ಕೇಂದ್ರದ ಮುಖ್ಯಸ್ಥರಾದರು. ಅಲ್ಲಿ ಮೂಲೆಯಲ್ಲಿ ಕೂತು ಸಿಸಿಡಿ ಮಾಡಲು ಹೆಣಗುತ್ತಿದ್ದವರನ್ನು ಕಂಡರು. ಐದು ವರ್ಷದಲ್ಲಿ 50,000 ಯೆನ್‌ಗೆ ಮಾರುವಂಥ ವಿಡಿಯೋ ಕ್ಯಾಮೆರಾ ಬೇಕು ಅಂದರು. ನಮಗೆ ಪೈಪೋಟಿ ಬೇರೆ ಟಿವಿ ಕಂಪನಿಗಳಲ್ಲ, ಕೊಡಕ್ ಅಂತಲೂ ಅಂದರು. ನೋಡಿ, ಆ ಕಾಲಕ್ಕೆ ಕೊಡಕ್ ಅಂದರೆ ಏನು, ನನ್ನಂಥವನ ಅನ್ನದಾತ ಅದು, ಅದರ ಹಳದಿ ಫಿಲ್ಮ್ ಡಬ್ಬಿ ಇಲ್ಲದೆ ಮದುವೆಯೇ ಇಲ್ಲ, ಅಂಥ ಕೊಡಕ್ಕಿಗೆ ಸಡ್ಡು ಹೊಡೆಯುತ್ತೇನೆ ಅಂತ ಟೇಪ್ ರೆಕಾರ್ಡರ್ ಮಾಡುವವರು ಹೊರಟರೆ ಯಾರು ನಂಬುತ್ತಾರೆ. ತಮಾಷೆ ಅಂದರೆ 1975ರಲ್ಲಿ ಕೊಡಕ್ಕಿನೊಳಗೇ ಸ್ಟೀವ್ ಸ್ಯಾಸನ್ ಎಂಬ ಇಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿ ತೋರಿಸಿದ್ದರು. ಒಂದು ಫೋಟೋ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್. ಫಿಲ್ಮ್ ಮಾರುವವರಿಗೆ ಅದು ಬೇಕಿರಲಿಲ್ಲ. 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು.

ಸೋನಿಯವರಿಗೆ ದೊಡ್ಡ ತಲೆನೋವು ಧೂಳು. ಒಂದು ಕಣ ಕೂತರೆ ಆ ಸೆನ್ಸರ್ ಚಿಪ್ಪು ಕಸಕ್ಕೆ. ನೂರಾರು ಮಾಡಿದರೆ ಕೈಗೆ ಹತ್ತುತ್ತಿದ್ದದ್ದು ಬೆರಳೆಣಿಕೆಯಷ್ಟು. ಧೂಳಿನ ಕಾಟ ನನಗೆ ಚೆನ್ನಾಗಿ ಗೊತ್ತು. ಒಮ್ಮೆ ಒಬ್ಬ ಮದುವೆ ಫೋಟೋಗ್ರಾಫರ್ ಓಡಿಬಂದ. ಬಯಲಲ್ಲಿ ತೆಗೆದ ಅಷ್ಟೂ ಫೋಟೋದಲ್ಲಿ ಬಲಗಡೆ ಒಂದೇ ಜಾಗದಲ್ಲಿ ಮಾಸಲು ಚುಕ್ಕಿ. ಒಂದರಲ್ಲಿ ಆಕಾಶದಲ್ಲಿದೆ, ಇನ್ನೊಂದರಲ್ಲಿ ಮಾವನ ಬಿಳಿ ಪಂಚೆ ಮೇಲಿದೆ, ಮತ್ತೊಂದರಲ್ಲಿ ಸರಿಯಾಗಿ ಹುಡುಗಿಯ ಕೆನ್ನೆ ಮೇಲೆ, ದೃಷ್ಟಿಬೊಟ್ಟು ಇಟ್ಟ ಹಾಗೆ. ಲೆನ್ಸ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಸೆನ್ಸರ್ ಮೇಲಿನ ಗಾಜಿಗೆ ಒಂದು ಕಣ ಅಂಟಿತ್ತು. ಬಾಯಲ್ಲಿ ಊದಿದರೆ ಎಂಜಲು ಸಿಡಿದು ಇನ್ನೂ ಹಾಳು, ದಯವಿಟ್ಟು ಯಾರೂ ಊದಬೇಡಿ. ಫ್ಯಾನ್ ಆರಿಸಿ, ಕ್ಯಾಮೆರಾ ಬೋರಲು ಹಿಡಿದು, ರಬ್ಬರ್ ಬುರುಡೆ ಒತ್ತಿ ಗಾಳಿ ಬಿಟ್ಟೆ. ಆರು ಸಲ ಬಿಟ್ಟ ಮೇಲೆ ಹೋಯಿತು. ನಾನು ಗಾಜಿನ ಮೇಲಿನ ಒಂದು ಕಣಕ್ಕೆ ಇಷ್ಟು ಒದ್ದಾಡಿದೆ. ಅವರು ಗುಳಿ ತೋಡುವಾಗಲೇ ಒಳಗೆ ಸೇರುವ ಧೂಳಿನ ಜೊತೆ ವರ್ಷಗಟ್ಟಲೆ ಗುದ್ದಾಡಿದರು.

1980ರಲ್ಲಿ ಆಲ್ ನಿಪ್ಪಾನ್ ವಿಮಾನ ಕಂಪನಿ ತನ್ನ ಜಂಬೋ ವಿಮಾನಗಳಲ್ಲಿ ಸೋನಿಯ ಸಿಸಿಡಿ ಕ್ಯಾಮೆರಾ ಹಾಕಿಸಿತು. ವಿಮಾನ ಏಳುವುದು ಇಳಿಯುವುದು ಒಳಗೆ ಕೂತವರಿಗೆ ಪರದೆಯಲ್ಲಿ ಕಾಣಲಿ ಅಂತ. ಮನೆಮನೆಗೆ ಬರುವ ಕ್ಯಾಮೆರಾ ಆಗಲು ಇನ್ನೂ ಐದು ವರ್ಷ ಬೇಕಾಯಿತು. ಅದನ್ನು ನೋಡಲು ಇವಾಮಾ ಇರಲಿಲ್ಲ. 1982ರ ಆಗಸ್ಟ್‌ನಲ್ಲಿ, ಕಂಪನಿಯ ಅಧ್ಯಕ್ಷರಾಗಿರುವಾಗಲೇ, ಕ್ಯಾನ್ಸರ್‌ನಿಂದ ತೀರಿಕೊಂಡರು. ಕಂಪನಿಯವರು ಅವರ ಸಮಾಧಿಯ ಕಲ್ಲಿಗೆ ಒಂದು ಸಿಸಿಡಿ ಚಿಪ್ಪನ್ನು ಅಂಟಿಸಿದರು. ಅಂಗಡಿಯಲ್ಲಿ ಹಳೇ ಕ್ಯಾಮೆರಾ ಬಿಚ್ಚಿ ಆ ಚೌಕ ಚಿಪ್ಪು ಕಂಡಾಗೆಲ್ಲ ನನಗೆ ಆ ಕಲ್ಲು ನೆನಪಾಗುತ್ತದೆ.

ಅಯ್ಯೋ, ಈ ಕಥೆಯೇ ಎರಡು ಪುಟ ತಿಂದಿತು. ಉಳಿದದ್ದನ್ನು ಓಡಿಸಿಬಿಡುತ್ತೇನೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾಸಾದ ಎರಿಕ್ ಫಾಸಮ್ ಮತ್ತು ಅವರ ತಂಡದವರು ಬೇರೆ ದಾರಿ ಹಿಡಿದರು. ಬಾಹ್ಯಾಕಾಶಕ್ಕೆ ಹಗುರ ಕ್ಯಾಮೆರಾ ಬೇಕಿತ್ತು. ಬೀಜ ಸಾಗಿಸೋದೇ ಬೇಡ, ಪ್ರತಿ ಗುಳಿಯಲ್ಲೂ ಅಲ್ಲೇ ಅಳೆಯೋಣ ಅಂದರು. ಇದು ಸಿಮಾಸ್ ಸೆನ್ಸರ್. ಕರೆಂಟ್ ಕಮ್ಮಿ, ಖರ್ಚು ಕಮ್ಮಿ. ನಿಮ್ಮ ಫೋನಿನಲ್ಲಿರುವುದು ಇದೇ. ಇದರಲ್ಲೊಂದು ತೊಡಕಿತ್ತು, ತಂತಿಗಳೆಲ್ಲ ಗುಳಿಯ ಮೇಲೆ ಹಾದುಹೋಗುತ್ತಿದ್ದವು. ಬೆಳಕಿಂಡಿಗೆ ಅಡ್ಡ ಬಟ್ಟೆ ಒಣಗಿಸೋ ತಂತಿ ಕಟ್ಟಿದ ಹಾಗೆ. 2009ರಲ್ಲಿ ಸೋನಿಯವರು ಇಡೀ ಮಣೆಯನ್ನೇ ಮಗುಚಿ, ತಂತಿ ಕೆಳಗೆ ಗುಳಿ ಮೇಲೆ ಮಾಡಿ ಮಾರಲು ಶುರು ಮಾಡಿದರು. ಕತ್ತಲಲ್ಲೂ ಫೋಟೋ ಚೆನ್ನಾಗಿ ಬರತೊಡಗಿತು.

ಈಗ ವ್ಯಾಪಾರ ನೋಡಿ. 2010ರಲ್ಲಿ ಜಪಾನಿನ ಕ್ಯಾಮೆರಾ ಕಂಪನಿಗಳು ವರ್ಷಕ್ಕೆ 12 ಕೋಟಿ ಡಿಜಿಟಲ್ ಕ್ಯಾಮೆರಾ ಕಳಿಸುತ್ತಿದ್ದವು. 2022ರ ಹೊತ್ತಿಗೆ ಅದು 80 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅಷ್ಟನ್ನೂ ಫೋನ್ ನುಂಗಿತು. ಆದರೆ ಕಣ್ಣು ಮಾಡುವವರಿಗೆ ನಷ್ಟವಾಗಲಿಲ್ಲ, ಬದಲಿಗೆ ಸುಗ್ಗಿ! ಒಂದು ಫೋನಿಗೆ ಮೂರು ನಾಲ್ಕು ಕಣ್ಣು ಬೇಕಲ್ಲ. ಜಗತ್ತಿನ ಸೆನ್ಸರ್ ವ್ಯಾಪಾರದ ದುಡ್ಡಿನಲ್ಲಿ ಹೆಚ್ಚುಕಮ್ಮಿ ಅರ್ಧ ಸೋನಿಗೇ ಹೋಗುತ್ತದೆ. ಆಮೇಲೆ ಸ್ಯಾಮ್‌ಸಂಗ್, ಆಮೇಲೆ ಚೀನಾದವರ ಕೈಗೆ ಹೋದ ಓಮ್ನಿವಿಷನ್. ಸೋನಿಯ ಸ್ವಂತ ಫೋನನ್ನು ನಮ್ಮೂರಲ್ಲಿ ನಾನು ನೋಡಿ ವರ್ಷಗಳಾದವು. ಆದರೆ ಐಫೋನಿನ ಕಣ್ಣು ಅವರದು. 2022ರ ಡಿಸೆಂಬರ್‌ನಲ್ಲಿ ಆಪಲ್‌ನ ಟಿಮ್ ಕುಕ್ ಖುದ್ದಾಗಿ ಜಪಾನಿನ ಕುಮಾಮೊಟೊದಲ್ಲಿರುವ ಸೋನಿ ಕಾರ್ಖಾನೆಗೆ ಹೋಗಿ, ಹತ್ತು ವರ್ಷಕ್ಕೂ ಮೇಲಿನ ನಂಟು ಅಂತ ಬಾಯಿಬಿಟ್ಟು ಹೇಳಿದರು. ನಿಕಾನ್ ಕೂಡ ಎಷ್ಟೋ ಕ್ಯಾಮೆರಾಕ್ಕೆ ಸೋನಿಯಿಂದಲೇ ಸೆನ್ಸರ್ ತರಿಸುತ್ತದೆ, ಇಬ್ಬರೂ ಅಂಗಡಿಯಲ್ಲಿ ಎದುರು ಬದುರು ಪೈಪೋಟಿಗೆ ನಿಂತವರು! 2019ರ ಕೊನೆಯಲ್ಲಿ ಬೇಡಿಕೆ ಎಷ್ಟಿತ್ತೆಂದರೆ ಹೊಸ ವರ್ಷದ ರಜೆಯಲ್ಲೂ ಸೋನಿಯ ಕಾರ್ಖಾನೆಗಳು ಹಗಲು ರಾತ್ರಿ ಓಡಿದವು. ಆದರೂ ಸಾಲಲಿಲ್ಲ.

2016ರ ಏಪ್ರಿಲ್‌ನಲ್ಲಿ ಇದೇ ಕುಮಾಮೊಟೊದಲ್ಲಿ ಭೂಮಿ ನಡುಗಿತು. ಕಾರ್ಖಾನೆ ನಿಂತಿತು, ಚಿಪ್ಪು ಮಾಡುವ ಕೆಲಸ ಮತ್ತೆ ಶುರುವಾಗಲು ತಿಂಗಳ ಮೇಲಾಯಿತು. ನಿಕಾನ್ ಹೊಸ ಕ್ಯಾಮೆರಾಗಳ ಬಿಡುಗಡೆ ಮುಂದೂಡಿತು. ಭೂಕಂಪ ಓದಿದವನು ಕಟ್ಟಿದ ಧಂಧೆ ಭೂಕಂಪಕ್ಕೆ ನಿಂತಿತು ನೋಡಿ.

ಇನ್ನು ಮೆಗಾಪಿಕ್ಸೆಲ್. ಇದರ ಬಗ್ಗೆ ಕೇಳಿ ಕೇಳಿ ನನಗೆ ಸಾಕಾಗಿದೆ. 108 ಬೇಕಾ 200 ಬೇಕಾ ಅಂತ ದಿನಾ ಒಬ್ಬರು ಕೇಳುತ್ತಾರೆ. ಸ್ಯಾಮ್‌ಸಂಗ್‌ನ 108ರ ಸೆನ್ಸರ್ ಸಾಮಾನ್ಯವಾಗಿ ಒಂಬತ್ತು ಗುಳಿ ಸೇರಿಸಿ ಒಂದು ಮಾಡಿಕೊಳ್ಳುತ್ತದೆ. ಕೈಗೆ ಬರುವುದು 12. ಮಳೆನೀರು ಹಿಡಿಯಲು ಸೂರಿನ ಕೆಳಗೆ ನೂರು ಲೋಟ ಇಡುತ್ತೀರೋ ಒಂದು ಕೊಪ್ಪರಿಗೆಯೋ? ಗುಳಿ ಎಷ್ಟಿವೆ ಅಂತಲ್ಲ, ಮಣೆ ಎಷ್ಟು ದೊಡ್ಡದು ಅಂತ ಕೇಳಿ, ಮಾಡಿದವರು ಯಾರು ಅಂತ ಕೇಳಿ. ಇನ್ನು ಅಗ್ಗದ ಫೋನಿನ ಹಿಂದೆ ಅಲಂಕಾರಕ್ಕೆ ಕೂರಿಸಿರುವ 2 ಮೆಗಾಪಿಕ್ಸೆಲ್‌ನ ಮೂರನೇ ಕಣ್ಣು ಇದೆಯಲ್ಲ, ಅದು ಶಿವನಿಗೇ ಇರಲಿ, ನಿಮಗೆ ಬೇಡ.

ಕಣ್ಣು ಯಾರದು ಅಂತ ತಿಳಿಯುವುದು ಕಷ್ಟವೇನಲ್ಲ. ಫೋನಿನ ವಿವರದಲ್ಲಿ ಐಎಂಎಕ್ಸ್ ಅಂತಿದ್ದರೆ ಸೋನಿ. ಐಸೋಸೆಲ್ ಅಂತಿದ್ದರೆ ಸ್ಯಾಮ್‌ಸಂಗ್. ಓವಿ ಅಂತಿದ್ದರೆ ಓಮ್ನಿವಿಷನ್. ಏನೂ ಬರೆದೇ ಇಲ್ಲದಿದ್ದರೆ ಅಂಗಡಿಯವನನ್ನು ಕೇಳಿ. ಅವನಿಗೆ ಗೊತ್ತಿರೋದಿಲ್ಲ. ಆದರೂ ಕೇಳಿ, ಇನ್ನೊಬ್ಬರು ಬಂದು ಕೇಳುವ ಹೊತ್ತಿಗಾದರೂ ತಿಳಿದುಕೊಂಡಿರುತ್ತಾನೆ.

ಕಣ್ಣಿನ ಡಾಕ್ಟರು ಮುಂದಿನ ವಾರ ಖಂಡಿತ ಬರುತ್ತಾರಂತೆ. ನಮಸ್ಕಾರ.